ಹಾಟ್‌ಸ್ಪಾಟ್ ಕಾಕಾ

ಯಾದಗಿರಿ, ಶಹಾಪುರ, ಸುರಪುರ – ಈ ಮೂರು ಊರುಗಳಲ್ಲಿ ಯಾವ ಚಾದಂಗಡಿಗೆ ಹೋದರೂ ಒಬ್ಬ ಹಾಟ್‌ಸ್ಪಾಟ್ ಕಾಕಾ ಸಿಕ್ಕೇ ಸಿಗುತ್ತಾನೆ. ವಯಸ್ಸು ಐವತ್ತರ ಆಚೀಚೆ. ಬಿಳಿ ಅಂಗಿ, ಹೆಗಲ ಮೇಲೊಂದು ಟವೆಲ್ಲು, ಎದೆಯ ಜೇಬಿನಲ್ಲಿ ಜೇಬಿಗಿಂತ ಎರಡು ಬೆರಳು ಎತ್ತರದ ಫೋನು. ಬೀಡಿ ಬಿಟ್ಟಿದ್ದಾನೆ, ತಂಬಾಕು ಬಿಟ್ಟಿದ್ದಾನೆ. ಕೈಗಡ ಕೇಳುವುದಂತೂ ಅವನ ಜಾಯಮಾನದಲ್ಲೇ ಇಲ್ಲ. ತಾನು ಕುಡಿದ ಚಾದ ರೊಕ್ಕ ಬೇರೆಯವರು ಕೊಟ್ಟರೆ ಜಗಳಕ್ಕೇ ನಿಲ್ಲುತ್ತಾನೆ. ಅಂಥ ಮಾನವಂತ ಮುಂಜಾನೆ ಹತ್ತೂವರೆಯ ಸುಮಾರಿಗೆ ಪಕ್ಕದ ಬೆಂಚಿನ ಹುಡುಗನ ಕಡೆ ಸರಿದು, ದನಿ ತಗ್ಗಿಸಿ ಕೇಳುತ್ತಾನೆ:

"ತಮ್ಮಾ, ನಿಂದು ಹಾಟ್‌ಸ್ಪಾಟ್ ಜರಾ ಚಾಲೂ ಮಾಡ್ತಿಯೇನೋ? ಒಂದ ಮೆಸೇಜ್ ಕಳಸೋದದ. ಎರಡ ಮಿನಿಟ್ ಅಷ್ಟೇ."

ಹುಡುಗ ಇಲ್ಲವೆನ್ನಲಾರ. ಹಿರಿಯರು, ಮೇಲಾಗಿ ಅಪ್ಪನ ಪರಿಚಯದವರು. ಚಾಲೂ ಮಾಡುತ್ತಾನೆ. ಕಾಕಾನ ಒಂದು ಮೆಸೇಜು ಹೋಗುತ್ತದೆ. ಅದು ಹೋದ ದಾರಿಯಲ್ಲೇ ನಸುಕಿನಿಂದ ಬಾಗಿಲಲ್ಲಿ ನಿಂತಿದ್ದ ಹತ್ತಾರು ವಾಟ್ಸ್‌ಆ್ಯಪ್ ಗುಂಪುಗಳ ವಿಡಿಯೋಗಳು ಒಂದರ ಬೆನ್ನಿಗೊಂದು ಒಳಗೆ ನುಗ್ಗುತ್ತವೆ. ಅವುಗಳ ಹಿಂದೆ ಏಳೆಂಟು ಆ್ಯಪ್‌ಗಳು ತಮ್ಮನ್ನು ತಾವೇ ಅಪ್‌ಡೇಟ್ ಮಾಡಿಕೊಳ್ಳುತ್ತವೆ. ಕಾಕಾ ಏನೂ ಅರಿಯದವನಾಗಿ ಚಾ ಹೀರುತ್ತಿರುತ್ತಾನೆ. ಹುಡುಗನ ಫೋನಿಗೆ 'ಅರ್ಧ ಡೇಟಾ ಮುಗಿದಿದೆ' ಎಂಬ ಸಂದೇಶ ಬಂದಾಗ ಅವನೇ ಮೊದಲು ಹುಬ್ಬೇರಿಸುತ್ತಾನೆ: "ಏನ್ ನೋಡ್ತಿರ್ತಿಯೋ ತಮ್ಮಾ ಇಷ್ಟೊಂದು? ಕಣ್ಣ ಹಾಳಾಗ್ತಾವ."

ಹಾಗಾದರೆ ಕಾಕಾನ ಸ್ವಂತ ಡೇಟಾ ಎಲ್ಲಿ ಹೋಯಿತು? ದಿನಕ್ಕೆ 1.5 ಜಿಬಿ ಅವನಿಗೂ ಇದೆ. ರಾತ್ರಿ 12ಕ್ಕೆ ಜಮಾ ಆಗುತ್ತದೆ, ಮರುದಿನ ರಾತ್ರಿ 12ಕ್ಕೆ ಬಳಸಿರಲಿ ಬಿಡಲಿ ಸತ್ತುಹೋಗುತ್ತದೆ. ಕಾಕಾನ ನಿದ್ದೆ ಕೆಡಿಸಿರುವುದು ಇದೇ. ಕೋಳಿ ಕೂಗುವ ಮುಂಚೆ ಎದ್ದು ಸೂರ್ಯ, ಗುಲಾಬಿ, ಬಸವಣ್ಣ ಮೂವರೂ ಇರುವ ಶುಭೋದಯದ ಚಿತ್ರವನ್ನು ಎಲ್ಲ ಗುಂಪುಗಳಿಗೂ ಹಂಚುತ್ತಾನೆ. ಆಮೇಲೆ ಹತ್ತಿ ಧಾರಣೆ, ಮೆಣಸಿನಕಾಯಿ ಧಾರಣೆ, ಮೊಣಕಾಲು ನೋವಿಗೆ ಮನೆಮದ್ದು, ಮನೆಮದ್ದು ನಂಬಬೇಡಿ ಎನ್ನುವ ಡಾಕ್ಟರು – ಎಲ್ಲವನ್ನೂ ನೋಡುತ್ತಾನೆ. ಹತ್ತು ಗಂಟೆಗೆ ಡೇಟಾ ಖಲಾಸ್. ವೇಗ 64 ಕೆಬಿಪಿಎಸ್‌ಗೆ ಇಳಿದು, ಪರದೆಯ ನಡುವೆ ಚಕ್ರ ತಿರುಗತೊಡಗುತ್ತದೆ.

ಬೀಗರ ಮನೆಗೋ ಜಾತ್ರೆಗೋ ಹೋಗಿ ಡೇಟಾ ಮಿಕ್ಕ ದಿನ ಕಾಕಾನ ಸಂಕಟ ಇನ್ನೂ ದೊಡ್ಡದು. ರಾತ್ರಿ ಹನ್ನೊಂದೂ ಮುಕ್ಕಾಲಿಗೆ 300 ಎಂಬಿ ಉಳಿದಿದ್ದರೆ, ಹಾಸಿಗೆಯಲ್ಲಿ ಎದ್ದು ಕೂತು ರಷ್ಯಾದ ಹಿಮದಲ್ಲಿ ಟ್ರ್ಯಾಕ್ಟರ್ ಸಿಕ್ಕಿಬಿದ್ದ ವಿಡಿಯೋವನ್ನು ಕೊನೆಯ ತನಕ ನೋಡುತ್ತಾನೆ. "ರೊಕ್ಕ ಕೊಟ್ಟದ್ದು. ಕೆಡಸಬಾರದು."

ಕಾಕಾ ಹುಟ್ಟುತ್ತಲೇ ಹೀಗಿರಲಿಲ್ಲ. 2016ಕ್ಕೆ ಮೊದಲು 1 ಜಿಬಿ ಎಂದರೆ 200 ರೂಪಾಯಿಗೂ ಮೇಲಿನ ಮಾತು. ಆಗ ಅವನು ಮಿಸ್ಡ್ ಕಾಲಿನಲ್ಲೇ ಸಂಸಾರ ನಡೆಸಿದವನು. ಹೊಲದಿಂದ ಒಂದು ಮಿಸ್ಡ್ ಕಾಲ್ ಬಂದರೆ ಬುತ್ತಿ ಕಳಿಸು ಎಂದು, ಎರಡು ಬಂದರೆ ಕರೆಂಟ್ ಬಂತೇನು ಎಂದು. ಹಾಡು ಬೇಕಾದರೆ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಮೆಮೊರಿ ಕಾರ್ಡು ತುಂಬಿಸಿಕೊಂಡು ಬರುತ್ತಿದ್ದ. ಆ ಒಂದು ಕಾರ್ಡು ಒಂದು ಮುಂಗಾರು, ಒಂದು ಹಿಂಗಾರು ಎರಡಕ್ಕೂ ಸಾಕಾಗುತ್ತಿತ್ತು.

2016ರ ಸೆಪ್ಟೆಂಬರ್ 5ರಂದು ಜಿಯೊ ಬಂತು. ಕಾಕಾ ಆಧಾರ್ ಕಾರ್ಡು ಹಿಡಿದು ಸಾಲಿನಲ್ಲಿ ನಿಂತ, ಹೆಬ್ಬೆಟ್ಟು ಒತ್ತಿದ, ಸಿಮ್ ತಂದ. ಮಾತು ಫ್ರೀ, ದಿನಕ್ಕೆ 4 ಜಿಬಿ ಫ್ರೀ. ಹೊಸ ವರ್ಷಕ್ಕೆ ಅದು ದಿನಕ್ಕೆ 1 ಜಿಬಿಗೆ ಇಳಿಯಿತಾದರೂ 2017ರ ಮಾರ್ಚ್ 31ರ ತನಕ ಫ್ರೀ ಎಂಬುದು ತಪ್ಪಲಿಲ್ಲ. ಆಮೇಲೆ 99 ರೂಪಾಯಿಯ ಸದಸ್ಯತ್ವ, 28 ದಿನಕ್ಕೆ 303 ರೂಪಾಯಿ ಎಂಬ ಲೆಕ್ಕ ಶುರುವಾಯಿತು.

ಮೊದಲು ಧಾರಾಳ, ಆಮೇಲೆ ಲೆಕ್ಕ – ಈ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ ಆದದ್ದೂ ಇದೇ. ಲಘು ನೀರಾವರಿ ಬೆಳೆ ಎಂದು ಲೆಕ್ಕ ಹಾಕಿ ಮಾಡಿದ ಕಾಲುವೆ. ನೀರು ಧಾರಾಳ ಹರಿಯುವುದನ್ನು ಕಂಡ ಮೇಲ್ಭಾಗದವರು ಭತ್ತ ಹಚ್ಚಿದರು. ಗದ್ದೆ ಆದಮೇಲೆ ವಾರಾಬಂದಿ ಬಂತು – ಇಷ್ಟು ದಿನ ಚಾಲೂ, ಇಷ್ಟು ದಿನ ಬಂದ್. ಭತ್ತ ಬೆಳೆದು ರುಚಿ ಕಂಡವನು ಮರಳಿ ಜೋಳಕ್ಕೆ ಇಳಿದಾನೆಯೆ? ಕಾಕಾನೂ ಆ ಆರೇಳು ತಿಂಗಳಲ್ಲಿ ತಲೆಯ ತುಂಬ ಭತ್ತ ಹಚ್ಚಿಕೊಂಡುಬಿಟ್ಟ. ಇವತ್ತಿಗೂ ಅದಕ್ಕೆ ದಿನಾ ನೀರು ಬೇಕು.

ರೀಚಾರ್ಜನ್ನು ಕಾಕಾ ಫೋನಿನಲ್ಲಿ ಮಾಡಿಕೊಳ್ಳುವುದಿಲ್ಲ. ಅಂಗಡಿಗೇ ಹೋಗುತ್ತಾನೆ. "ಆ್ಯಪ್‌ನಾಗ ಮಾಡಿದ್ರ ನಾ ಯಾರ ಕೂಡ ಜಗಳಾಡ್ಲಿ?" ಎಂಬುದು ಅವನ ಪ್ರಶ್ನೆ. 2024ರ ಜುಲೈನಲ್ಲಿ ಜಗಳ ಜೋರಾಗಿತ್ತು. ಜಿಯೊ, ಏರ್‌ಟೆಲ್, ವೊಡಾಫೋನ್ ಐಡಿಯಾ ಮೂರೂ ಒಂದೇ ವಾರದಲ್ಲಿ ದರ ಏರಿಸಿದ್ದವು. ಜಿಯೊದ 239 ರೂಪಾಯಿಯ ಪ್ಲಾನು 299 ಆಗಿತ್ತು. ಅದಕ್ಕಿಂತ ದೊಡ್ಡ ಪೆಟ್ಟು 5ಜಿಯದು. ಅಲ್ಲಿಯ ತನಕ ಅದೇ 239ಕ್ಕೆ 5ಜಿ ಎಷ್ಟು ಬೇಕಾದರೂ ಬಳಸಬಹುದಿತ್ತು. ಈಗ ದಿನಕ್ಕೆ 2 ಜಿಬಿ ಇರುವ ಪ್ಲಾನಿನವರಿಗೆ, ಅಂದರೆ 349 ಕೊಟ್ಟವರಿಗೆ ಮಾತ್ರ ಎಂದಾಯಿತು. ಕಾಕಾ ಅದಕ್ಕೆಂದೇ ಕಂತಿನ ಮೇಲೆ 5ಜಿ ಫೋನು ತಂದಿದ್ದ. ಫೋನಿನ ಕಂತು ಇನ್ನೂ ನಡೆದಿತ್ತು, 5ಜಿ ನಿಂತಿತ್ತು.

"28 ದಿನಕ್ಕ ಒಂದ ತಿಂಗಳ ಹೆಂಗ್ ಆಗ್ತದೋ?" ಎಂದು ಅಂಗಡಿಯ ಹುಡುಗನ ಮುಂದೆ ಕಾಕಾ ಬೆರಳು ಮಡಚಿದ. "ವರ್ಸಕ್ಕ ಹದಿಮೂರ ಸಲ ರೀಚಾರ್ಜ್. ಪಂಚಾಂಗದಾಗ ಅಧಿಕ ಮಾಸ ಮೂರ ವರ್ಸಕ್ಕೊಮ್ಮೆ ಬರ್ತದ, ಈ ಕಂಪನಿಯವ್ರಿಗಿ ವರ್ಸಾ ಬರ್ತದ! ಅದರಾಗ ಅಳಿಯಗ ಕೊಡಬೇಕು, ಇದರಾಗ ಇವರಿಗಿ ಕೊಡಬೇಕು."

"30 ದಿನದ್ದೂ ಅದಾವ್ರಿ ಕಾಕಾ. ಒಂದರೆ ಇಡಬೇಕಂತ ಟ್ರಾಯ್‌ದವ್ರು 2022ರಾಗೇ ಹೇಳ್ಯಾರ."

"ಎಷ್ಟಕ್ಕದ?"

ಹುಡುಗ ಹೇಳಿದ. ಕಾಕಾ ಮಡಚಿದ ಬೆರಳುಗಳನ್ನು ಬಿಡಿಸಿ 28ರದ್ದೇ ಹಾಕಿಸಿಕೊಂಡ. ಹದಿಮೂರು ಸಲಕ್ಕೆ 60ರಂತೆ ವರ್ಷಕ್ಕೆ 780 ರೂಪಾಯಿ ಹೆಚ್ಚಾಯಿತೆಂದು ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ಹೇಳಿದ. "ಹೆಣ್ಮಕ್ಕಳಿಗಿ ಬಸ್ ಫ್ರೀ ಮಾಡ್ಯಾರ. ಗಂಡಸರಿಗಿ ಇದೊಂದು ಉಳದಿತ್ತು, ಅದನ್ನೂ ಕಸಗೊಂಡ್ರು" ಎಂಬ ಮಾತಿಗೆ ಚಾದಂಗಡಿಯಲ್ಲಿ ಗಂಡಸರ ತಲೆಗಳೆಲ್ಲ ಒಟ್ಟಿಗೇ ಆಡಿದವು.

ಸಿಟ್ಟಿನಲ್ಲಿ ಕಾಕಾ 1900ಕ್ಕೆ ಪೋರ್ಟ್ ಮೆಸೇಜು ಹಾಕಿ ದರ ಏರಿಸದ ಬಿಎಸ್ಸೆನ್ನೆಲ್‌ಗೂ ಹೋಗಿ ಬಂದ. ಆ ತಿಂಗಳು ದೇಶದಲ್ಲಿ ಲಕ್ಷಾಂತರ ಮಂದಿ ಹಾಗೆ ಹೋದರು. ಅದರ 4ಜಿ ಟವರುಗಳು ಆಗಿನ್ನೂ ಏಳುತ್ತಿದ್ದವು. ಕಾಕಾನ ಮನೆಯಲ್ಲಿ ಸಿಗ್ನಲ್ ಸಿಗುತ್ತಿದ್ದುದು ಮಾಳಿಗೆಯ ಮೇಲೆ, ನೀರಿನ ಟಾಕಿಯ ಮಗ್ಗುಲಲ್ಲಿ ಮಾತ್ರ. ಒಮ್ಮೆ ಪೋರ್ಟ್ ಆದರೆ 90 ದಿನ ಕದಲುವಂತಿಲ್ಲ. ಮಳೆಗಾಲವನ್ನು ಟಾಕಿಯ ಪಕ್ಕ ಕೊಡೆ ಹಿಡಿದು ಕಳೆದ ಕಾಕಾ, ದಸರೆಯ ಹೊತ್ತಿಗೆ ಸದ್ದಿಲ್ಲದೆ ಹಳೆಯ ಕಂಪನಿಗೆ ಮರಳಿದ. ಕೇಳಿದರೆ, "ದೇಶಸೇವಾ ಮಾಡಿ ಬಂದೀನಿ" ಎಂದ.

ಮೂರು ಊರಿನ ಕಾಕಾಗಳಲ್ಲಿ ಸ್ವಲ್ಪ ಸ್ವಲ್ಪ ಫರಕು ಉಂಟು. ಯಾದಗಿರಿಯ ಕಾಕಾಗೆ ರೈಲ್ವೆ ಸ್ಟೇಷನ್ನಿನ ಆಸರೆ. ದೇಶದ 6,000ಕ್ಕೂ ಹೆಚ್ಚು ನಿಲ್ದಾಣಗಳಲ್ಲಿ ರೈಲ್‌ಟೆಲ್‌ನವರು ವೈಫೈ ಹಾಕಿ ದಿನಕ್ಕೆ ಮೊದಲ ಅರ್ಧ ತಾಸು ಫ್ರೀ ಕೊಡುತ್ತಾರೆ ಎಂದು ಯಾರೋ ಹೇಳಿದ ದಿನದಿಂದ, ಅವನು ಬೀಗರನ್ನು ರೈಲಿಗೆ ಹತ್ತಿಸಲು ಬಹಳ ಮುತುವರ್ಜಿ ತೋರಿಸುತ್ತಾನೆ. ಬೀಗರು ಬಾರದ ದಿನವೂ ಪ್ಲಾಟ್‌ಫಾರಂ ಟಿಕೆಟ್ ತೆಗೆಸಿ ಒಳಗೆ ಹೋಗುತ್ತಾನೆ. ಫ್ರೀ ಡೇಟಾಕ್ಕೆ 10 ರೂಪಾಯಿ ಕೊಟ್ಟಂತಾಯಿತಲ್ಲ ಎಂದರೆ ಉತ್ತರ ತಯಾರು: "ಗಾಳಿ ಛಲೋ ಬರ್ತದ."

ಶಹಾಪುರದ ಕಾಕಾ ಮೃದು. ಎದುರಿಗೇ ಬುದ್ಧ ಮಲಗಿದಂತಿರುವ ಬೆಟ್ಟ. ಆಸೆಯೇ ದುಃಖಕ್ಕೆ ಮೂಲವೆಂದ ಮಹಾನುಭಾವನ ವಿಡಿಯೋ ಮಾಡಿ ಸ್ಟೇಟಸ್‌ಗೆ ಏರಿಸಲು ಅವನು ಕಂಡವರ ಹಾಟ್‌ಸ್ಪಾಟ್ ಕೇಳುತ್ತಾನೆ. ಬೇಸತ್ತ ಒಬ್ಬ ಹುಡುಗ ತನ್ನ ಹಾಟ್‌ಸ್ಪಾಟಿನ ಹೆಸರನ್ನೇ 'ನಿಂದು ರೀಚಾರ್ಜ್ ಮಾಡಸ್ಕೋ ಕಾಕಾ' ಎಂದು ಬದಲಿಸಿದ. ಕಾಕಾ ಕನ್ನಡಕ ಏರಿಸಿ, ಪಟ್ಟಿಯಲ್ಲಿ ಆ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಗಟ್ಟಿಯಾಗಿ ಓದಿದ. ಅಂಗಡಿ ಪೂರಾ ಉಸಿರು ಹಿಡಿದು ಕಾಯಿತು. "ಇದು ಯಾರದೋ ತಮ್ಮಾ? ಸಿಗ್ನಲ್ ಛಲೋ ಅದ. ಪಾಸ್‌ವರ್ಡ್ ಏನು?"

ಸುರಪುರದ ಕಾಕಾನದು ದರ್ಬಾರಿ ಗತ್ತು. ಅವನು ಕೇಳುವುದಿಲ್ಲ, ಅಪ್ಪಣೆ ಮಾಡುತ್ತಾನೆ. 1858ರಲ್ಲಿ ಇಂಗ್ಲಿಷರನ್ನು ಎದುರು ಹಾಕಿಕೊಂಡ ರಾಜಾ ವೆಂಕಟಪ್ಪ ನಾಯಕರ ಊರಿನವನಲ್ಲವೆ! "ನಮ್ಮೂರಾಗ ಆಗಿನ ಕಂಪನಿ ಮಾತೇ ಕೇಳಿಲ್ಲ, ಈ ಕಂಪನಿ ಮಾತು ಕೇಳ್ತೀವೇನು?" ಎಂದು ಗುಡುಗುತ್ತಾನೆ. ಗುಡುಗಿ, ಟೇಲರ್ ಮಂಜಿಲ್ ಕಡೆಗಿನ ಏರಿಗೆ ಸಿಗ್ನಲ್ ಹುಡುಕಿಕೊಂಡು ಹೊರಡುತ್ತಾನೆ. ಇಳಿಯುವಾಗ ಅಂಗಡಿಗೆ ಹೋಗಿ ಮೆತ್ತಗೆ 349ರದ್ದು ಹಾಕಿಸುತ್ತಾನೆ.

ಇಷ್ಟು ನಕ್ಕ ಮೇಲೆ ಕಾಕಾನ ಮನೆಯೊಳಗೂ ಒಮ್ಮೆ ಇಣುಕಬೇಕು. ಕಾಲುವೆಗೆ ನೀರು ತಲುಪದ ಕೊನೆಯ ಭಾಗ ಇರುವ ಹಾಗೆ ಡೇಟಾಕ್ಕೂ ಇದೆ. ಮನೆಯಾಕೆಯ ಫೋನಿಗೆ ಹಾಕಿಸುತ್ತಿದ್ದುದು 249ರದ್ದು, ದಿನಕ್ಕೆ 1 ಜಿಬಿ. 2025ರ ಆಗಸ್ಟ್‌ನಲ್ಲಿ ಜಿಯೊ, ಏರ್‌ಟೆಲ್ ಎರಡೂ ಆ ಪ್ಲಾನನ್ನು ಆನ್‌ಲೈನ್ ಪಟ್ಟಿಯಿಂದ ತೆಗೆದವು. ಕಾಕಾಗೆ ಅದೇ ನೆವವಾಯಿತು. "ಆಕಿಗಿ ಎದಕ ಬೇಕು, ನಂದ್ರಾಗ ನೋಡ್ತಾಳ" ಎಂದು ಹಾಕಿಸುವುದನ್ನೇ ಬಿಟ್ಟ. ಸಂಜೆ ಏಳಕ್ಕೆ, ಗುಳೆ ಹೋದ ಮಗ ಬೆಂಗಳೂರಿನ ಕಟ್ಟಡದ ಶೆಡ್ಡಿನಿಂದ ಮೊಮ್ಮಗಳನ್ನು ತೋರಿಸಲು ವಿಡಿಯೋ ಕಾಲ್ ಮಾಡುತ್ತಾನೆ. ಆ ಹೊತ್ತಿಗೆ ಕಾಕಾನ ಫೋನಿನಲ್ಲಿ ಚಕ್ರ ತಿರುಗುತ್ತಿರುತ್ತದೆ. ಪಿಯುಸಿ ಓದುವ ಮಗಳು ಸಿಇಟಿ ಪಾಠಕ್ಕೆಂದು ಫೋನು ಕೇಳುವುದು ರಾತ್ರಿ ಒಂಬತ್ತರ ಮೇಲೆ. ಅವಳಿಗೆ ಸಿಗುವುದೂ ಅದೇ ಚಕ್ರ. 19 ರೂಪಾಯಿಯ 1 ಜಿಬಿ ಬೂಸ್ಟರ್ ಹಾಕಿಸೋಣವೆಂದರೆ, ಮೊದಲು ಪ್ಲಾನು ಮುಗಿಯುವ ತನಕ ಬರುತ್ತಿದ್ದ ಅದೂ ಈಗ ಒಂದೇ ದಿನದ್ದಾಗಿದೆ. ಮುಂಜಾನೆ ಅಷ್ಟು ಮಂದಿಗೆ ಸೂರ್ಯ, ಗುಲಾಬಿ ಹಂಚಿದ ಮನೆಯಲ್ಲಿ ರಾತ್ರಿ ಒಂದು ಗಣಿತದ ಪಾಠಕ್ಕೆ ಡೇಟಾ ಇರುವುದಿಲ್ಲ.

ಇದರಲ್ಲಿ ಕಾಕಾನ ತಪ್ಪು ಅರ್ಧ. ಮಿಸ್ಡ್ ಕಾಲಿನಲ್ಲಿ ಬದುಕಿದ್ದ ಮನುಷ್ಯನಿಗೆ ಆರೇಳು ತಿಂಗಳು ಪುಕ್ಕಟೆ ಕೊಟ್ಟು ಚಟ ಹಚ್ಚಿಸಿ, ಆಮೇಲೆ ಲೆಕ್ಕದ ಪುಸ್ತಕ ತೆಗೆದವರದು ಉಳಿದರ್ಧ. ಅವರು ನಮ್ಮ ಚಾದಂಗಡಿಗೆ ಬರುವುದಿಲ್ಲ, ಬರುವವನು ಕಾಕಾ ಒಬ್ಬನೇ. ಆದ್ದರಿಂದ ಅವನು ಕೇಳಿದರೆ ಇಲ್ಲವೆನ್ನಬೇಡಿ. ಫೋನು ಈಸಿಕೊಂಡು ವಾಟ್ಸ್‌ಆ್ಯಪ್‌ನ ಆಟೋ ಡೌನ್‌ಲೋಡ್ ಬಂದ್ ಮಾಡಿ, ಆ್ಯಪ್‌ಗಳ ಆಟೋ ಅಪ್‌ಡೇಟನ್ನೂ ನಿಲ್ಲಿಸಿ, ಯೂಟ್ಯೂಬನ್ನು 360ಕ್ಕೆ ಇಳಿಸಿ. ರಾತ್ರಿಯ ಪಾಠಕ್ಕೆ ಅಷ್ಟು ಉಳಿದೀತು. ಆಮೇಲೆ ನಿಮ್ಮ ಹಾಟ್‌ಸ್ಪಾಟ್ ಚಾಲೂ ಮಾಡಿ. ಆದರೆ ಅದಕ್ಕೊಂದು ಎಂಬಿ ಮಿತಿ ಹಾಕಿಡಿ. ಕಂಪನಿಯವರಿಂದ ನಾವು ಕಲಿಯಬೇಕಾದ ವಿದ್ಯೆ ಅದೊಂದೇ.