‘ಫೋನ್ ಮಾತ್ರ ಮಾಡಬೇಡಿ ಸಾರ್’: ನಕಲಿ ಇಮೇಲ್‌ನ ಮನದಾಳ

ಸಿರುಗುಪ್ಪದ ಒಂದು ರೈಸ್ ಮಿಲ್ಲು. ಬೆಳಿಗ್ಗೆ ಹತ್ತೂವರೆಗೆ ಬಂದಿಳಿದ ಇಮೇಲ್ ಒಂದು ಆಫೀಸಿನ ಕಂಪ್ಯೂಟರಿನಲ್ಲಿ ಇನ್ನೂ ದಪ್ಪಕ್ಷರದಲ್ಲೇ ಕೂತಿದೆ. ಕೊಯಮತ್ತೂರಿನ ಕಂಪನಿಯಿಂದ ಕೊಂಡ ಸಾರ್ಟೆಕ್ಸ್ (ಅಕ್ಕಿ ಆರಿಸುವ) ಮಷೀನಿನ ಬಾಕಿ 18 ಲಕ್ಷವನ್ನು ಹೊಸ ಖಾತೆಗೆ ಹಾಕಿ ಎಂಬುದು ಅದರ ಒಕ್ಕಣೆ. ಗುಮಾಸ್ತರು ಒಗ್ಗರಣೆ-ಮಿರ್ಚಿ ತಿನ್ನಲು ಹೊರಗೆ ಹೋದ ಹೊತ್ತು ನೋಡಿ ಅದನ್ನು ಮಾತಿಗೆಳೆದೆವು.

ನಮಸ್ಕಾರ. ತಮ್ಮ ಊರು ಯಾವುದು?

ಅದೊಂದು ಬಿಟ್ಟು ಬೇರೆ ಏನಾದರೂ ಕೇಳಿ ಸಾರ್.

ವಿಳಾಸ ನೋಡಿದರೆ ಅಸಲಿ ಕಂಪನಿಯದೇ ಇದ್ದಂತಿದೆಯಲ್ಲ?

ಕನ್ನಡಕ ಹಾಕಿಕೊಂಡು ನೋಡಿ. ಅವರ ಹೆಸರಿನಲ್ಲಿ ಇಂಗ್ಲಿಷಿನ ‘ಎಂ’ ಇದೆ. ನನ್ನಲ್ಲಿರುವುದು ‘ಆರ್’ ಮತ್ತು ‘ಎನ್’, ಹಬ್ಬದ ದಿನದ ಬಳ್ಳಾರಿ ಬಸ್ಸಿನಲ್ಲಿ ಒಂದೇ ಸೀಟಿಗೆ ಇಬ್ಬರು ಒತ್ತರಿಸಿ ಕೂತ ಹಾಗೆ. ಮೊಬೈಲಿನಲ್ಲಂತೂ ನನಗೆ ರಾಜಯೋಗ. ಅಲ್ಲಿ ಕಾಣುವುದು ಬರೀ ಹೆಸರು. ಅದರ ಮೇಲೆ ಬೆರಳಿಟ್ಟರೆ ಪೂರ್ತಿ ವಿಳಾಸ ಬಿಚ್ಚಿಕೊಳ್ಳುತ್ತದೆ. ಯಾರು ಇಡುತ್ತಾರೆ ಹೇಳಿ?

ಇಷ್ಟೇ ಬಾಕಿ ಇದೆ ಅಂತ ನಿಮಗೆ ಹೇಳಿದವರು ಯಾರು?

ಈ ಮಿಲ್ಲೇ ಹೇಳಿತು. ನನಗಿಂತ ಮುಂಚೆ ನಮ್ಮಣ್ಣ ಬಂದಿದ್ದ. ‘ನಿಮ್ಮ ಮೇಲ್‌ಬಾಕ್ಸ್ ತುಂಬಿದೆ, ಸಂಜೆಯೊಳಗೆ ಮತ್ತೆ ಲಾಗಿನ್ ಆಗದಿದ್ದರೆ ಬಂದ್’ ಎಂದ. ಗುಮಾಸ್ತರು ಹೆದರಿ ಪಾಸ್‌ವರ್ಡ್ ಹಾಕಿದರು. ಪುಟ ನಮ್ಮದು. ಅವತ್ತಿನಿಂದ ನಮ್ಮ ಯಜಮಾನರು ಇಲ್ಲಿನ ಪತ್ರವ್ಯವಹಾರ ಓದುತ್ತ ಕೂತರು. ಏನನ್ನೂ ಮುಟ್ಟಲಿಲ್ಲ. ಸೆಟ್ಟಿಂಗ್ಸ್ ಒಳಗೆ ಹೋಗಿ, ಬಂದ ಪ್ರತಿ ಇಮೇಲ್‌ನ ನಕಲು ತಮಗೂ ಬರುವಂತೆ ಫಾರ್ವರ್ಡಿಂಗ್ ಹಾಕಿಕೊಂಡರು, ಅಷ್ಟೇ. ನೀವು ಆಮೇಲೆ ಪಾಸ್‌ವರ್ಡ್ ಬದಲಾಯಿಸಿದರೂ ಅದು ಅಲ್ಲೇ ಇರುತ್ತದೆ, ಹುಡುಕಿ ತೆಗೆದರೆ ಮಾತ್ರ ಹೋಗುತ್ತದೆ. ಧಣಿ ಯಾವತ್ತು ಹೈದರಾಬಾದಿಗೆ ಹೋಗುತ್ತಾರೆ, ಯಾವ ಬಿಲ್ಲು ಬಾಕಿ, ಕೊಯಮತ್ತೂರಿನವರು ಪತ್ರದ ಕೊನೆಗೆ ‘ಥ್ಯಾಂಕ್ಸ್’ ಬರೆಯುತ್ತಾರೋ ‘ರಿಗಾರ್ಡ್ಸ್’ ಬರೆಯುತ್ತಾರೋ, ಎಲ್ಲವೂ ಆಡಿಟರಿಗಿಂತ ನಮಗೇ ಚೆನ್ನಾಗಿ ಗೊತ್ತು.

(ಪಾಸ್‌ವರ್ಡ್ ಏನಿತ್ತು ಎಂದು ಕೇಳಿದೆವು. ಮಿಲ್ಲಿನ ಹೆಸರು, ಮುಂದೆ 123. ಕಂಪ್ಯೂಟರಿನ ಅಂಚಿಗೆ ಚೀಟಿಯನ್ನೂ ಅಂಟಿಸಿದ್ದರು.)

ಮೊಬೈಲಿಗೆ ಕೋಡ್ ಬಂದ ಮೇಲೇ ತೆರೆಯುವ ವ್ಯವಸ್ಥೆ ಮಾಡಿಕೊಂಡಿದ್ದರೆ?

ನಮ್ಮಣ್ಣನ ಕೆಲಸ ಕಷ್ಟವಾಗುತ್ತಿತ್ತು. ಆಗದು ಅಂತಲ್ಲ. ಆ ಕೋಡನ್ನೂ ಅದೇ ಪುಟದಲ್ಲಿ ಕೇಳುತ್ತೇವೆ, ಕೆಲವರು ಕೊಡುತ್ತಾರೆ.

ಹಿಂದೆಲ್ಲ ಕಾಗುಣಿತದ ತಪ್ಪು ನೋಡಿಯೇ ನಿಮ್ಮವರ ಗುರುತು ಹಿಡಿಯಬಹುದಿತ್ತು.

ಹಳೇ ಗಾಯ ಕೆರೆಯಬೇಡಿ. ನಮ್ಮ ಚಿಕ್ಕಪ್ಪ ನೌಕರಿ ಅರ್ಜಿಯ ವೇಷದಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಒಳಗೆ ಹೊಕ್ಕಿದ್ದ. 2016ರ ಫೆಬ್ರುವರಿಯಲ್ಲಿ, ನ್ಯೂಯಾರ್ಕಿನ ಫೆಡರಲ್ ರಿಸರ್ವ್‌ನಲ್ಲಿದ್ದ ಅವರ ಖಾತೆಯಿಂದ ನೂರು ಕೋಟಿ ಡಾಲರಿನಷ್ಟು ಎತ್ತುವ ಏರ್ಪಾಡು. 8 ಕೋಟಿ 10 ಲಕ್ಷ ಡಾಲರ್ ಫಿಲಿಪ್ಪೀನ್ಸಿಗೆ ದಾಟಿತು. ಶ್ರೀಲಂಕಾಕ್ಕೆ ಹೊರಟಿದ್ದ 2 ಕೋಟಿ ಮಾತ್ರ, ‘ಫೌಂಡೇಶನ್’ ಎನ್ನುವಲ್ಲಿ ಯಾವನೋ ಪುಣ್ಯಾತ್ಮ ‘ಫ್ಯಾಂಡೇಶನ್’ ಎಂದು ಬರೆದಿದ್ದರಿಂದ ದಾರಿಯಲ್ಲೇ ಸಿಕ್ಕಿಬಿತ್ತು. ಈಗ ಆ ಕೊರಗಿಲ್ಲ. ಎಐ ಬಂದ ಮೇಲೆ ನನ್ನ ಇಂಗ್ಲಿಷ್ ನಿಮ್ಮ ಬ್ಯಾಂಕಿನವರದಕ್ಕಿಂತ ಶುದ್ಧ. ಕನ್ನಡದಲ್ಲೂ ಬರೆಯಬಲ್ಲೆ, ಮಹಾಪ್ರಾಣ ಸಮೇತ.

ಓದುಬರಹ ಕಡಿಮೆ ಇದ್ದವರೇ ನಿಮಗೆ ಬೀಳುತ್ತಾರೆ ಅನ್ನುತ್ತಾರಲ್ಲ?

ಗೂಗಲ್ಲು, ಫೇಸ್‌ಬುಕ್ಕು ಓದುಬರಹ ಕಲಿಯದವರಾ? 2013ರಿಂದ 2015ರ ತನಕ ಲಿಥುವೇನಿಯಾದ ಎವಾಲ್ಡಾಸ್ ರಿಮಾಸೌಸ್ಕಾಸ್ ಎಂಬಾತ, ಅವರಿಗೆ ಮಾಲು ಕೊಡುವ ತೈವಾನಿನ ಕ್ವಾಂಟಾ ಕಂಪನಿಯ ಹೆಸರಲ್ಲಿ ಸುಳ್ಳು ಬಿಲ್ಲು ಕಳಿಸಿ ಇಬ್ಬರಿಂದಲೂ ಸೇರಿ 12 ಕೋಟಿ ಡಾಲರಿಗೂ ಹೆಚ್ಚು ಹಾಕಿಸಿಕೊಂಡ. 2019ರಲ್ಲಿ ಅವನಿಗೆ ಐದು ವರ್ಷ ಜೈಲಾಯಿತು, ಪಾಪ. ಅಷ್ಟು ದೂರ ಯಾಕೆ? ಬಳ್ಳಾರಿಯಲ್ಲೇ ವ್ಯಾಪಾರ ಸಂಸ್ಥೆಯೊಂದು ನನ್ನಂಥವನನ್ನು ನಂಬಿ ಕೋಟಿ ದಾಟಿದ ಹಣ ಕಳಿಸಿ, ಸಿಇಎನ್ (ಸೈಬರ್ ಅಪರಾಧ) ಠಾಣೆಯ ಪೊಲೀಸರು ಹೊರರಾಜ್ಯದವರೆಗೂ ಬೆನ್ನುಹತ್ತಿ ಹೋದದ್ದು ನೀವೇ ಪೇಪರಿನಲ್ಲಿ ಬರೆದಿದ್ದೀರಲ್ಲ.

ಈ ಭಾಗದ ವ್ಯಾಪಾರಸ್ಥರ ಬಗ್ಗೆ ಏನನ್ನುತ್ತೀರಿ?

ಬಹಳ ಗೌರವ. ಕುರುಗೋಡಿನ ರೈತ ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿಗೆ ಹೋದರೆ ದಲಾಲರ ಮುಖ ನೋಡದೆ ಇಳಿಸುವುದಿಲ್ಲ. ಬಳ್ಳಾರಿಯ ಜೀನ್ಸ್ ಹೊಲಿಸುವವರು ಥಾನಿನ ತುದಿ ಬೆರಳಲ್ಲಿ ಉಜ್ಜಿ, ಬಣ್ಣ ಬಿಡುತ್ತದಾ ನೋಡಿ, ಆಮೇಲೆ ರೇಟು ಕೇಳುತ್ತಾರೆ. ಈ ಮಿಲ್ಲಿನ ಧಣಿಯಂತೂ ಭತ್ತವನ್ನು ಹಲ್ಲಲ್ಲಿ ಕಚ್ಚಿ ಹಸಿ ಎಷ್ಟು ಅಂತ ಹೇಳಿಬಿಡುತ್ತಾರೆ. ಒಂದು ಕಾಳಿನ ಮೇಲೆ ಇಷ್ಟು ಅನುಮಾನ ಇಟ್ಟುಕೊಂಡ ಜನ, ಮೇಲೊಂದು ಲೋಗೋ ಕೆಳಗೊಂದು ‘ಅರ್ಜೆಂಟ್’ ಕಂಡರೆ ಎದ್ದು ನಿಂತುಬಿಡುತ್ತಾರೆ. ನಾನು ಬದುಕಿರುವುದು ಆ ಜಾಗದಲ್ಲಿ. ದುರಾಸೆಗೆ ಬೀಳುವವರನ್ನು ನಮ್ಮ ಲಾಟರಿ ಇಲಾಖೆಯವರು ನೋಡಿಕೊಳ್ಳುತ್ತಾರೆ. ನನಗೆ ಬೇಕಾದವರು ಪ್ರಾಮಾಣಿಕರು, ಬಾಕಿ ಬಿಲ್ಲು ಬೇಗ ಕಟ್ಟಿ ಮರ್ಯಾದೆ ಉಳಿಸಿಕೊಳ್ಳಬೇಕು ಅನ್ನುವವರು.

ಖಾತೆ ನಂಬರ್ ನಿಮ್ಮದು, ಹೆಸರು ಕೊಯಮತ್ತೂರಿನವರದು. ಬ್ಯಾಂಕು ತಡೆಯುವುದಿಲ್ಲವೇ?

ಒಳ್ಳೇ ಪ್ರಶ್ನೆ, ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ನೆಫ್ಟ್, ಆರ್‌ಟಿಜಿಎಸ್‌ನಲ್ಲಿ ಹಣ ಹೋಗುವುದು ಖಾತೆ ನಂಬರ್ ನೋಡಿ. ಹೆಸರಿನ ಜಾಗದಲ್ಲಿ ನೀವು ಏನು ಬರೆದರೂ ತಾಳೆ ನೋಡುವವರು ಇರಲಿಲ್ಲ. ರಿಸರ್ವ್ ಬ್ಯಾಂಕಿಗೆ ಸುಮ್ಮನಿರಲಾಗಲಿಲ್ಲ ನೋಡಿ, ಕಳಿಸುವ ಮುಂಚೆ ಖಾತೆದಾರನ ಅಸಲಿ ಹೆಸರು ತೋರಿಸುವ ಸೌಲಭ್ಯ ಕೊಡಿ ಎಂದು 2025ರ ಏಪ್ರಿಲ್ 1ರ ಗಡುವು ಹಾಕಿತು. ತೋರಿಸಿದರೂ ಓದಬೇಕಲ್ಲ, ನಾನು ಅದನ್ನೇ ನೆಚ್ಚಿಕೊಂಡಿದ್ದೇನೆ. ಅದೇ ರಿಸರ್ವ್ ಬ್ಯಾಂಕು 2020ರ ಡಿಸೆಂಬರಿನಲ್ಲಿ ಆರ್‌ಟಿಜಿಎಸ್ ಅನ್ನು ಹಗಲುರಾತ್ರಿ ತೆರೆದದ್ದಕ್ಕೆ ಮಾತ್ರ ನಾವು ಚಿರಋಣಿ. ಮೊದಲು ಸಂಜೆ ಬಾಗಿಲು ಹಾಕುತ್ತಿದ್ದರು, ರಾತ್ರಿ ಮಲಗಿ ಎದ್ದವರಿಗೆ ಅನುಮಾನ ಬಂದುಬಿಡುತ್ತಿತ್ತು.

ಹಣ ಬೀಳುವ ಆ ಖಾತೆ ಯಾರದು?

ಯಾವುದೋ ಕಾಲೇಜು ಹುಡುಗನದು. ಒಂದಿಷ್ಟು ಕಮಿಷನ್ ಆಸೆಗೆ ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮು ಎಲ್ಲ ಬಾಡಿಗೆಗೆ ಕೊಟ್ಟಿದ್ದಾನೆ. ಪೊಲೀಸರು ಮೊದಲು ಬಾಗಿಲು ಬಡಿಯುವುದು ಅವನ ಮನೆಯದೇ. ನಮ್ಮ ಯಜಮಾನರ ಮುಖವನ್ನು ಅವನೂ ನೋಡಿಲ್ಲ.

ಮೋಸ ಆಯಿತು ಅಂತ ಗೊತ್ತಾದವರು ಏನು ಮಾಡಿದರೆ ನಿಮಗೆ ತೊಂದರೆ?

ಆ ನಂಬರ್ ನನ್ನ ಬಾಯಲ್ಲೇ ಹೇಳಿಸುತ್ತೀರಾ? ಸರಿ, 1930, ಸೈಬರ್ ಸಹಾಯವಾಣಿ. ಅಲ್ಲಿಗೆ ಫೋನ್ ಹೋದರೆ ಹಣ ಯಾವ ಖಾತೆಗೆ ಬಿತ್ತು, ಅಲ್ಲಿಂದ ಎಲ್ಲಿಗೆ ಹಾರಿತು ಅಂತ ಬ್ಯಾಂಕಿನಿಂದ ಬ್ಯಾಂಕಿಗೆ ಅಟ್ಟಿಸಿಕೊಂಡು ಬಂದು, ಎಲ್ಲಿ ಸಿಕ್ಕಿತೋ ಅಲ್ಲಿ ತಡೆದು ನಿಲ್ಲಿಸುತ್ತಾರೆ. ನಾವು ಕೆಲವೇ ಗಂಟೆಗಳಲ್ಲಿ ಹತ್ತಾರು ಖಾತೆಗೆ ಹಂಚಿಬಿಡುತ್ತೇವೆ, ಆದ್ದರಿಂದ ಮೊದಲ ಗಂಟೆ ನಮಗೆ ಗಂಡಾಂತರ. ನಮ್ಮ ಅದೃಷ್ಟಕ್ಕೆ ಆ ಗಂಟೆಯಲ್ಲಿ ಜನ ಫೋನ್ ಮಾಡುವುದಿಲ್ಲ. ಗುಮಾಸ್ತರು ಧಣಿಗೆ ಹೇಳಲು ಹೆದರುತ್ತಾರೆ. ಧಣಿ ಅಳಿಯನ ಮುಂದೆ ಬಾಯಿ ಬಿಡುವುದಿಲ್ಲ. ಊರಲ್ಲಿ ನಗುತ್ತಾರೆ ಅಂತ ಮೂರು ದಿನ ಕಳೆದು ಠಾಣೆಗೆ ಹೋಗುತ್ತಾರೆ. ಅಷ್ಟರಲ್ಲಿ ನಮ್ಮ ಯಜಮಾನರು ಸಿಮ್ ಮುರಿದು ಎಸೆದಿರುತ್ತಾರೆ.

ಕಳಿಸುವ ಮೊದಲು?

ಫೋನ್ ಮಾತ್ರ ಮಾಡಬೇಡಿ ಸಾರ್. ಮಾಡಲೇಬೇಕಿದ್ದರೆ ನನ್ನ ಅಡಿಯಲ್ಲಿ ಬರೆದಿರುವ ನಂಬರಿಗೇ ಮಾಡಿ, ಎತ್ತುವವನು ನಮ್ಮ ಹುಡುಗನೇ, ಬಹಳ ವಿನಯವಂತ. ಹಳೇ ಬಿಲ್ಲು, ಹಳೇ ಡೈರಿ ಇವನ್ನೆಲ್ಲ ತೆಗೆದು ಯಾಕೆ ಧೂಳು ಎಬ್ಬಿಸುತ್ತೀರಿ?

ಅಷ್ಟರಲ್ಲಿ ಗುಮಾಸ್ತರು ಕೈ ಒರೆಸಿಕೊಳ್ಳುತ್ತ ಬಂದರು. ಮೇಲ್ ತೆರೆದು ಓದಿದರು. “ಹೋದ ತಿಂಗಳ ತನಕ ಇವರ ಖಾತಿ ಬ್ಯಾರೆ ಬ್ಯಾಂಕಿನಾಗ ಇತ್ತಲ್ಲ” ಎಂದುಕೊಂಡು ಡ್ರಾಯರಿನಿಂದ ಹಳೇ ಬಿಲ್ಲು ತೆಗೆದು ಅದರ ಮೇಲಿದ್ದ ನಂಬರಿಗೆ ಹಚ್ಚಿದರು. ಎಂಗೇಜ್.

“ನೋಡಿದಿರಾ, ದೇವರಿದ್ದಾನೆ” ಎಂದಿತು ಇಮೇಲ್. “ಈಗ ‘ಇರಲಿ, ಕಳಿಸಿಬಿಡೋಣ’ ಅಂತಾರೆ, ನೋಡುತ್ತಿರಿ.”

ಗುಮಾಸ್ತರು ಮತ್ತೆ ಹಚ್ಚಿದರು. ಮತ್ತೆ ಎಂಗೇಜ್. ಮೂರನೇ ಸಲಕ್ಕೆ ಆ ಕಡೆಯಿಂದ ತಮಿಳು ಬೆರೆತ ಕನ್ನಡದಲ್ಲಿ “ಹೇಳಿ ಸಾರ್, ಮಷೀನು ನಾಳೆ ಲೋಡಾಗ್ತದೆ” ಎಂಬ ದನಿ ಕೇಳಿತು.

ಇಮೇಲ್ ನಮ್ಮ ಕಡೆ ತಿರುಗಿತು. “ಸಾರ್, ಬಳ್ಳಾರಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನವರ ಇಮೇಲ್ ಐಡಿ ಏನಾದರೂ ನಿಮ್ಮ ಹತ್ತಿರ ಇದೆಯಾ?”