ಭಗ್ನಜೀಪು ಸಂಧಿಪ್ರಕರಣ

ಪ್ರಸ್ತುತ ಪ್ರಬಂಧದ ಉದ್ದೇಶ, ವ್ಯಾಪ್ತಿ, ಮಿತಿ, ಮಿತಿಯ ವ್ಯಾಪ್ತಿ ಹಾಗೂ ವ್ಯಾಪ್ತಿಯ ಉದ್ದೇಶಗಳನ್ನು ಮೊದಲಿಗೇ ಸ್ಪಷ್ಟಪಡಿಸುವುದು ಸಂಶೋಧನಾ ಶಿಸ್ತಿನ ದೃಷ್ಟಿಯಿಂದ ಅಗತ್ಯವಾಗಿದೆ. ಕೊಲ್ಲೂರಿನಿಂದ ನಾಗೋಡಿ ಘಾಟಿ ಹತ್ತಿ, ನಿಟ್ಟೂರಿನ ಕಡೆಯಿಂದ 1343 ಮೀಟರ್ ಎತ್ತರದ ಕೊಡಚಾದ್ರಿಗೆ ಭಕ್ತರನ್ನು ಹೊತ್ತೊಯ್ಯುವ ಜೀಪುಗಳು ನಡುದಾರಿಯಲ್ಲಿ ಕೆಟ್ಟು ನಿಲ್ಲುವುದುಂಟು. ಆಗ ಗ್ಯಾರೇಜು, ಬಿಡಿಭಾಗ ಮತ್ತು ಮೊಬೈಲ್ ಸಿಗ್ನಲ್ ಎಂಬ ತ್ರಿವಿಧ ಅಭಾವಗಳ ನಡುವೆ ಚಾಲಕನು ಕೈಗೊಳ್ಳುವ ದುರಸ್ತಿಕ್ರಿಯೆಯ ತಾತ್ವಿಕ ನೆಲೆಗಳನ್ನು ಇಲ್ಲಿ ಅನುಸಂಧಾನಕ್ಕೆ ಒಳಪಡಿಸಲಾಗಿದೆ. ಗುಡ್ಡವು ಈ ಅಧ್ಯಯನದ ವ್ಯಾಪ್ತಿಗೆ ಸೇರುತ್ತದೆ. ಗುಡ್ಡದ ರಸ್ತೆ ಸೇರುವುದಿಲ್ಲ. ಅದನ್ನು ರಸ್ತೆ ಎಂದು ಕರೆಯಲು ಸಾಕಷ್ಟು ಪುರಾವೆಗಳು ಲಭ್ಯವಾಗಿಲ್ಲ.

ಪೂರ್ವಸೂರಿಗಳ ವಿಚಾರ. ಕೇಶಿರಾಜನು 13ನೇ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ರಚಿಸುವಾಗ ಸಂಧಿಗೊಂದು, ಅಪಭ್ರಂಶಕ್ಕೊಂದು ಪ್ರಕರಣ ಮೀಸಲಿಟ್ಟನು, ಜೀಪಿಗೆ ಇಡಲಿಲ್ಲ. ಈ ಕೊರತೆಯನ್ನು ಇದುವರೆಗೆ ಯಾವ ವಿದ್ವಾಂಸರೂ ಗಮನಿಸಿಲ್ಲ ಎಂಬುದೇ ಈ ಪ್ರಬಂಧದ ಮಹತ್ವ. (ಯಾರೂ ಮುಟ್ಟದ ವಿಷಯಕ್ಕೆ ನಮ್ಮಲ್ಲಿ ಮಹತ್ವ ತಾನಾಗಿ ಒದಗುತ್ತದೆ. ಯಾರೂ ಏಕೆ ಮುಟ್ಟಲಿಲ್ಲ ಎಂದು ಮಾರ್ಗದರ್ಶಕರು ಕೇಳುವುದಿಲ್ಲ.) ಶೀರ್ಷಿಕೆಯಲ್ಲಿ ಸಂಸ್ಕೃತಕ್ಕೆ ಇಂಗ್ಲಿಷನ್ನು ಬೆಸೆದು ನುಸುಳಿರುವ ಅರಿಸಮಾಸವನ್ನು ಹಿರಿಯರು ಮನ್ನಿಸಬೇಕು. ಮಹೀಂದ್ರ ಕಂಪನಿ 1945ರಲ್ಲಿ ಹುಟ್ಟಿ, ಆಮೇಲೆ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸತೊಡಗಿತು. ಮುಂದೆ ಅದೇ ಮೈಕಟ್ಟಿಗೆ ಫ್ರಾನ್ಸಿನ ಪ್ಯೂಜೋ ಮೂಲದ ಡೀಸೆಲ್ ಎಂಜಿನ್ ಕೂರಿಸಿತು. ಅಂದಮೇಲೆ ಈ ವಾಹನ ಹುಟ್ಟಿನಿಂದಲೇ ಅರಿಸಮಾಸ.

ಕನ್ನಡ ಸಂಧಿಗಳು ಮೂರು: ಲೋಪ, ಆಗಮ, ಆದೇಶ. ದಾರಿ ಮಧ್ಯದ ರಿಪೇರಿಗಳೂ ಮೂರೇ ಬಗೆ: ಕೆಟ್ಟದ್ದನ್ನು ತೆಗೆದುಹಾಕುವುದು, ಇಲ್ಲದ್ದನ್ನು ಸೇರಿಸುವುದು, ಒಂದರ ಜಾಗಕ್ಕೆ ಇನ್ನೊಂದನ್ನು ತರುವುದು. ಇದು ಕಾಕತಾಳೀಯವಲ್ಲವೆಂದು ನಾವು ಬಲವಾಗಿ ನಂಬುತ್ತೇವೆ. ಆಧಾರ ಕೇಳಬಾರದು.

ಲೋಪಸಂಧಿ. ಸ್ವರದ ಮುಂದೆ ಸ್ವರ ಬಂದಾಗ ಅರ್ಥ ಕೆಡದಿದ್ದರೆ ಹಿಂದಿನದು ಬಿದ್ದುಹೋಗುತ್ತದೆ ಎಂದು ಎಂಟನೇ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೇವೆ. ಜೀಪಿನಲ್ಲೂ ಹಿಂದಿನದೇ ಬೀಳುತ್ತದೆ. ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಮುರಿಯಿತು ಎನ್ನಿ. ಚಾಲಕನು ಬೋಲ್ಟು ಬಿಚ್ಚಿ, ಇಡೀ ಶಾಫ್ಟನ್ನು ಪ್ರಯಾಣಿಕರ ಕಾಲಡಿಗೆ ಎಸೆದು, ಫೋರ್‌ವೀಲ್ ಲಿವರ್ ಎಳೆಯುತ್ತಾನೆ. ಮುಂದಿನ ಎರಡು ಚಕ್ರಗಳೇ ಗಾಡಿ ಎಳೆಯುತ್ತವೆ. ಆದರೆ ಕಡಿದಾದ ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ಜಾರುವುದರಿಂದ ಮುಂದಿನ ಚಕ್ರಗಳು ಹಿಡಿತ ತಪ್ಪಿ ಇದ್ದಲ್ಲೇ ಮಣ್ಣು ತೋಡುತ್ತವೆ. ಆಗ ಗಾಡಿಯನ್ನು ತಿರುಗಿಸಿ ರಿವರ್ಸಿನಲ್ಲಿ ಹತ್ತಿಸಬೇಕು. ಮುಂದಿನ ಚಕ್ರಗಳು ಇಳಿಜಾರಿನ ಕಡೆಗೆ ಬಂದು, ಭಾರ ಅವುಗಳ ಮೇಲೆ ಕೂತು, ಹಿಡಿತ ಮರಳುತ್ತದೆ. ಶಂಕರಾಚಾರ್ಯರ ಸರ್ವಜ್ಞಪೀಠದತ್ತ ಬೆನ್ನು ಮಾಡಿಕೊಂಡು ಏರುವ ಈ ಕ್ರಮವನ್ನು ‘ಪರಾಙ್ಮುಖ ಆರೋಹಣ ಪದ್ಧತಿ’ ಎಂದು ನಾವು ನಾಮಕರಣ ಮಾಡಿದ್ದೇವೆ. ಇದರಿಂದ ಭಕ್ತರಿಗೆ ಅದ್ವೈತಾನುಭವ ಆಗುವುದೋ ವಾಂತಿ ಆಗುವುದೋ ಎಂಬ ಬಗ್ಗೆ ಭಿನ್ನಾಭಿಪ್ರಾಯಗಳಿವೆ.

ಲೋಪದ ಇನ್ನೊಂದು ನಿದರ್ಶನ ಬ್ರೇಕಿನದು. ಅದನ್ನು ಮುಂದಕ್ಕೆ ಇಟ್ಟುಕೊಂಡಿದ್ದೇವೆ.

ಆಗಮಸಂಧಿ. ವ್ಯಾಕರಣದಲ್ಲಿ ಯಕಾರಾಗಮ, ವಕಾರಾಗಮ. ಘಾಟಿಯಲ್ಲಿ ಸಾಬೂನಾಗಮ, ಅರಿಶಿನಾಗಮ, ಮರದತುಂಡಾಗಮ. ಡೀಸೆಲ್ ಟ್ಯಾಂಕಿನ ತಳ ಕಲ್ಲಿಗೆ ತಾಗಿ ಸೀಳಿ ಜಿನುಗತೊಡಗಿದಾಗ ಬಟ್ಟೆ ಒಗೆಯುವ ಬಾರ್ ಸೋಪನ್ನು ಸೀಳಿಗೆ ಒತ್ತಿ ತಿಕ್ಕಿದರೆ ಸೋರಿಕೆ ನಿಲ್ಲುತ್ತದೆ. ಸೋಪು ನೀರಿಗೆ ಕರಗುವಂತೆ ಡೀಸೆಲ್ಲಿಗೆ ಕರಗುವುದಿಲ್ಲ, ಅಷ್ಟೇ ಇದರ ರಹಸ್ಯ. ಎಂ-ಸೀಲ್ ಒಣಗುವ ತನಕ ಕಾಯಲು ಪುರುಸೊತ್ತಿಲ್ಲದವರ ಮಾರ್ಗವಿದು. ರೇಡಿಯೇಟರ್ ಸೋರಿದರೆ ಒಂದು ಹಿಡಿ ಅರಿಶಿನ ಪುಡಿ: ಪುಡಿ ಬಿಸಿನೀರಿನಲ್ಲಿ ಉಬ್ಬಿ, ನೀರಿನ ಒತ್ತಡಕ್ಕೆ ತೂತಿನ ಕಡೆಗೇ ಸರಿದು, ಅಲ್ಲಿ ಗಟ್ಟಿಯಾಗಿ ಕೂರುತ್ತದೆ. ಮುಚ್ಚಳ ಸ್ವಲ್ಪ ಸಡಿಲ ಬಿಟ್ಟರೆ ಒತ್ತಡ ಇಳಿದು ಸೋರಿಕೆಯೂ ಇಳಿಯುತ್ತದೆ; ಆದರೆ ನೀರು ಬೇಗ ಕುದಿಯುತ್ತದೆ, ಹಾಗಾಗಿ ತೊರೆ ಸಿಕ್ಕಲ್ಲೆಲ್ಲ ನಿಂತು ನೀರು ತುಂಬಿಕೊಳ್ಳಬೇಕು. ತೂತು ಮುಚ್ಚಿದ ಅರಿಶಿನವೇ ಆಮೇಲೆ ರೇಡಿಯೇಟರಿನ ಸಣ್ಣ ನಾಳಗಳನ್ನೂ ಮುಚ್ಚುತ್ತದೆಂಬ ಸಂಗತಿಯನ್ನು ದೇಸಿಜ್ಞಾನದ ಉಪನ್ಯಾಸಕರು ಹೇಳುವುದಿಲ್ಲ. ಗ್ಯಾರೇಜಿನವರು ಬಿಲ್ಲಿನಲ್ಲಿ ಹೇಳುತ್ತಾರೆ.

ಒಡೆದ ಹೋಸ್ ಪೈಪಿಗೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದೆಳೆದು ಸುತ್ತುತ್ತಾರೆ. ಸ್ಪ್ರಿಂಗಿನ ಮೇನ್ ಪ್ಲೇಟು ತುಂಡಾದರೆ ಆಕ್ಸಲ್ ಒಂದು ಕಡೆ ಹಿಂದಕ್ಕೆ ಸರಿದು ಗಾಡಿ ಏಡಿಯ ಹಾಗೆ ಓರೆಯಾಗಿ ನಡೆಯುತ್ತದೆ. ಬಿದ್ದ ಮರದ ಗಟ್ಟಿ ತುಂಡನ್ನು ಆಕ್ಸಲ್ಲಿಗೂ ಚಾಸಿಗೂ ನಡುವೆ ತುರುಕಿ, ಆಕ್ಸಲ್ಲನ್ನು ಮುಂದಕ್ಕೆಳೆದು ಸರಪಳಿಯಿಂದ ಬಿಗಿಯುವುದು ಇದಕ್ಕೆ ಕ್ರಮ. ಸುತ್ತಮುತ್ತ ಮೂಕಾಂಬಿಕಾ ವನ್ಯಜೀವಿಧಾಮದ ಕಾಡು ಇರುವುದರಿಂದ ‘ಬಿದ್ದ’ ಎಂಬ ವಿಶೇಷಣವನ್ನು ಓದುಗರು ಒತ್ತಿ ಓದಿಕೊಳ್ಳಬೇಕು.

ಆದೇಶಸಂಧಿ. ಕ, ತ, ಪಗಳ ಸ್ಥಾನದಲ್ಲಿ ಗ, ದ, ಬಗಳು ಬರುವಂತೆ, ಸೆಲ್ಫ್ ಸ್ಟಾರ್ಟರಿನ ಸ್ಥಾನದಲ್ಲಿ ಇಳಿಜಾರು ಬರುತ್ತದೆ. ಬ್ಯಾಟರಿ ಸತ್ತ ಗಾಡಿಯನ್ನು ಇಳಿಜಾರಿನಲ್ಲಿ ಬಿಟ್ಟು, ಗೇರಿಗೆ ಹಾಕಿ, ಕ್ಲಚ್ ಬಿಟ್ಟರೆ ಆಯಿತು. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಗಾಳಿಯನ್ನು 20ಕ್ಕೂ ಹೆಚ್ಚು ಪಟ್ಟು ಅದುಮಿದಾಗ ಹುಟ್ಟುವ ಶಾಖವೇ ಸಾಕು. ಹೀಗಾಗಿ ಈ ಜೀಪುಗಳು ಸಮತಟ್ಟಿನಲ್ಲಿ ನಿಂತದ್ದನ್ನು ಕಂಡವರು ಕಡಿಮೆ. ಫೀಡ್ ಪಂಪ್ ಕೆಟ್ಟರೆ ಅದರ ಸ್ಥಾನದಲ್ಲಿ ಗುರುತ್ವಾಕರ್ಷಣೆ ಆದೇಶವಾಗುತ್ತದೆ: ಬಾನೆಟ್ಟಿಗಿಂತ ಎತ್ತರಕ್ಕೆ ಡೀಸೆಲ್ ಕ್ಯಾನ್ ಕಟ್ಟಿ, ಪೈಪನ್ನು ಫಿಲ್ಟರಿಗೆ ಕೊಟ್ಟು, ಸ್ಕ್ರೂ ಸಡಿಲಿಸಿ ಗುಳ್ಳೆ ನಿಲ್ಲುವವರೆಗೆ ಏರ್ ತೆಗೆಯಬೇಕು. ಕ್ಯಾನನ್ನು ಹಿಡಿದು ಕೂರಲು ಸಾಮಾನ್ಯವಾಗಿ ಗುಂಪಿನ ಅಳಿಯನನ್ನು ನೇಮಿಸಲಾಗುತ್ತದೆ.

ಇದಾದ ಮೇಲೆ ಸವರ್ಣದೀರ್ಘ, ಗುಣ, ವೃದ್ಧಿ, ಯಣ್, ಜಶ್ತ್ವ, ಶ್ಚುತ್ವಗಳಿಗೆ ಒಂದೊಂದು ರಿಪೇರಿ ಹೊಂದಿಸುವ ಯೋಜನೆ ಇತ್ತು. ಶ್ಚುತ್ವಕ್ಕೆ ಟೈರಿನ ಗಾಳಿ ಹೋಗುವ ಸದ್ದನ್ನೂ ಕಾದಿರಿಸಿದ್ದೆ. ಬಿಡಿ. ಬ್ರೇಕಿನ ವಿಷಯಕ್ಕೆ ಬರುತ್ತೇನೆ.

ಹಳೆ ಜೀಪುಗಳಲ್ಲಿ ನಾಲ್ಕು ಚಕ್ರಗಳಿಗೂ ಸೇರಿ ಬ್ರೇಕ್ ಆಯಿಲಿನ ಒಂದೇ ಜಾಲ. ಒಂದು ಚಕ್ರದ ಸಿಲಿಂಡರಿನ ರಬ್ಬರ್ ಹರಿದು ಆಯಿಲ್ ಸೋರಿದರೆ ನಾಲ್ಕರದ್ದೂ ಹೋಯಿತು. ಪೆಡಲ್ ನೆಲ ಮುಟ್ಟುತ್ತದೆ. ಆಗ ಚಾಲಕನು ಆ ಚಕ್ರದ ಪೈಪನ್ನು ಮಡಚಿ, ಕಲ್ಲಿನ ಮೇಲಿಟ್ಟು ಜಜ್ಜಿ, ಏರ್ ತೆಗೆದು, ಮೂರು ಚಕ್ರಗಳ ಬ್ರೇಕಿನಲ್ಲಿ ಇಳಿಯುತ್ತಾನೆ. ಬ್ರೇಕ್ ಒತ್ತಿದಾಗಲೆಲ್ಲ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಎಳೆಯುವ ಕಡೆ ಧರೆಯೋ ಪ್ರಪಾತವೋ ಎಂಬುದು ಯಾವ ಚಕ್ರದ ರಬ್ಬರ್ ಹರಿದಿದೆ ಎನ್ನುವುದರ ಮೇಲೆ ನಿಂತಿದೆ. ಹಿಂದೆ ಹಸುಗೂಸು ಹಿಡಿದ ತಾಯಂದಿರು ಕೂತಿರುತ್ತಾರೆ.

ಇಂಥ ರಿಪೇರಿಗೆ ವಿದ್ವತ್ ವಲಯದಲ್ಲಿ ‘ಮಿತವ್ಯಯದ ನಾವೀನ್ಯ’ ಎಂಬ ಬಿರುದಿದೆ. 2012ರಲ್ಲಿ ‘ಜುಗಾಡ್ ಇನ್ನೋವೇಷನ್’ ಎಂಬ ಇಂಗ್ಲಿಷ್ ಪುಸ್ತಕ ಬಂದದ್ದೇ ಬಂದದ್ದು, ನಮ್ಮ ವಿಚಾರ ಸಂಕಿರಣಗಳಿಗೆ ಹಬ್ಬವಾಯಿತು. ಅಂಥದ್ದೊಂದರಲ್ಲಿ ನಾನೂ ಕೂತಿದ್ದೆ. ಸೂಟು ತೊಟ್ಟ ಭಾಷಣಕಾರರು ಪರದೆಯ ಮೇಲೆ ಮಲೆನಾಡಿನ ಜೀಪೊಂದನ್ನು ತೋರಿಸಿ, ‘ಕೊರತೆಯೇ ಸೃಜನಶೀಲತೆಯ ತಾಯಿ, ಈ ಚಾಲಕ ಸಂಪನ್ಮೂಲರಹಿತ ಪರಿಸರದಲ್ಲಿ ಮೌಲ್ಯವನ್ನು ಸೃಷ್ಟಿಸುತ್ತಿದ್ದಾನೆ’ ಎಂದರು. ಅಷ್ಟರಲ್ಲಿ ಅವರ ಕೈಯ ರಿಮೋಟಿನ ಸೆಲ್ ಮುಗಿಯಿತು. ಸಭೆಯಲ್ಲಿದ್ದ ಇಷ್ಟೂ ಸೃಜನಶೀಲರು ಟೆಕ್ನಿಷಿಯನ್ ಬರುವ ತನಕ ಬಿಸ್ಕತ್ತು ತಿಂದೆವು. ಎದ್ದುಹೋಗಿ ಕಂಪ್ಯೂಟರಿನ ಗುಂಡಿ ಒತ್ತಬಹುದೆಂದು ಒಬ್ಬರಿಗೂ ಹೊಳೆಯಲಿಲ್ಲ.

ಸಂಪನ್ಮೂಲರಹಿತ ಪರಿಸರವಂತೆ! ಪರಿಸರಕ್ಕೇನಾಗಿದೆ? ಇಲ್ಲದಿರುವುದು ರಬ್ಬರು. ಅಂಗೈಯಲ್ಲಿ ಹಿಡಿಸುವ, ಪೇಟೆಯ ಯಾವ ಬಿಡಿಭಾಗದ ಅಂಗಡಿಯಲ್ಲೂ ಸಿಗುವ ರಬ್ಬರು. ಅದನ್ನು ತರಲು ಒಂದು ದಿನದ ಬಾಡಿಗೆ ಬಿಟ್ಟು ಪೇಟೆಗಿಳಿಯಬೇಕು, ಸೀಸನ್ನಿನಲ್ಲಿ ಬಾಡಿಗೆ ಬಿಟ್ಟರೆ ಕಂತು ಕಟ್ಟಲಾಗುವುದಿಲ್ಲ, ಮಳೆಗಾಲದಲ್ಲಿ ಬಾಡಿಗೆಯೇ ಇರುವುದಿಲ್ಲ. ಹಾಗಾಗಿ ಚಾಲಕ ಪೈಪು ಜಜ್ಜುತ್ತಾನೆ. ನಿಟ್ಟೂರಿನ ಕಡೆಯ ಚಾಲಕರೊಬ್ಬರಿಗೆ ಈ ನಾವೀನ್ಯದ ಮಾತನ್ನು ಗಂಭೀರವಾಗಿ ವಿವರಿಸಿದೆ. ಅವರು ಕೈಯ ಗ್ರೀಸ್ ಒರೆಸಿಕೊಳ್ಳುತ್ತ, “ಎಂತ ನಾವೀನ್ಯ ಮಾರಾಯ್ರೆ. ಸಾಮಾನಿಲ್ಲ, ಅದಕ್ಕೆ ಜಜ್ಜದು. ಸಾಮಾನಿದ್ರೆ ಯಾರು ಜಜ್ತಾರೆ?” ಎಂದರು.

ರಾತ್ರಿ ಹೆರಿಗೆ ನೋವು ಬಂದರೂ, ಹಾವು ಕಚ್ಚಿದರೂ ಒಳಗಿನ ಮನೆಗಳಿಗೆ ಬರುವುದು ಇದೇ ಜಜ್ಜಿದ ಪೈಪಿನ ಜೀಪು. ಅದೂ ಬರಲಾಗದ ಕಡೆ ಕಂಬಳಿಯ ಜೋಲಿ. ಇವನ್ನೆಲ್ಲ ಯಾವ ಸಂಧಿಗೆ ಸೇರಿಸಲಿ?

ಆದೇಶಕ್ಕೆ ಇನ್ನೊಂದು ಉದಾಹರಣೆ ಇದೇ ಸೀಮೆಯಲ್ಲಿದೆ. ನಾಡಿಗೆ ಬೆಳಕು ಕೊಡಲೆಂದು ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಶರಾವತಿಯ ಹಿನ್ನೀರು ಊರುಗಳನ್ನು ನುಂಗಿ, ಉಳಿದವರನ್ನು ಆಚೆ ದಡದಲ್ಲಿ ಬಿಟ್ಟಿತು. ಸೇತುವೆಯ ಸ್ಥಾನದಲ್ಲಿ ಲಾಂಚು ಆದೇಶವಾಗಿ ಬಂತು. ತಾತ್ಕಾಲಿಕ ವ್ಯವಸ್ಥೆ. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ 2.44 ಕಿಲೋಮೀಟರ್ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈನಲ್ಲಿ. ಲಾಂಚಿಗೆ ಕಾದು ಕೂತವರ ತಾಳ್ಮೆಯನ್ನೂ ಯಾರೋ ಎಲ್ಲೋ ‘ಸಮುದಾಯದ ಹೊಂದಾಣಿಕೆ ಸಾಮರ್ಥ್ಯ’ ಎಂದು ಬರೆದು ಪದವಿ ಪಡೆದಿದ್ದರೆ ನನಗೆ ಆಶ್ಚರ್ಯವಿಲ್ಲ. ಆ ತಾಳ್ಮೆಯನ್ನು ಯಾರೂ ಆರಿಸಿಕೊಂಡಿರಲಿಲ್ಲ. ಕರೆಂಟಿನ ಲೈನು ಅವರ ತಲೆಯ ಮೇಲೆ ಹಾದು ಪೇಟೆಗೆ ಹೋಯಿತು. ಅವರು ದಡದಲ್ಲಿ ನಿಂತು ಲಾಂಚಿನ ಹಾದಿ ನೋಡಿದರು.

ಸಂಶೋಧನಾ ಶೈಲಿ ಕೈತಪ್ಪಿದ್ದಕ್ಕೆ ವಿಷಾದವಿದೆ. ಪದ್ಧತಿಯ ಪ್ರಕಾರ ಈಗ ‘ಮುಂದಿನ ಅಧ್ಯಯನಕ್ಕಿರುವ ಅವಕಾಶಗಳು’.

ಅವಕಾಶಗಳು ಹೇರಳವಾಗಿವೆ. ಮಿತವ್ಯಯದ ನಾವೀನ್ಯದಲ್ಲಿ ಆಸಕ್ತರಾದ ವಿದ್ವಾಂಸರು ಕ್ಷೇತ್ರಕಾರ್ಯಕ್ಕಾಗಿ ಮೂರು ಚಕ್ರಗಳ ಬ್ರೇಕಿರುವ ಜೀಪಿನಲ್ಲಿ, ಮಳೆ ಬಿದ್ದ ಮಾರನೆಯ ದಿನ, ಪ್ರಪಾತದ ಕಡೆಯ ಸೀಟಿನಲ್ಲಿ ಕೂತು ಒಮ್ಮೆ ಕೊಡಚಾದ್ರಿ ಇಳಿಯಬೇಕು. ಟಿಎ, ಡಿಎ ಬಿಲ್ಲನ್ನು ಇಳಿದ ಮೇಲೆ ಬರೆಯಬಹುದು. ಚಾಲಕರ ಸಹಕಾರ ಖಂಡಿತ ಸಿಗುತ್ತದೆ. ಪ್ರಶ್ನಾವಳಿಯನ್ನು ಮನೆಯಲ್ಲೇ ಬಿಟ್ಟು, ಬರುವಾಗ ಕುಂದಾಪುರದಿಂದ ಒಂದು ವೀಲ್ ಸಿಲಿಂಡರ್ ಕಿಟ್ಟು, ಅರ್ಧ ಲೀಟರ್ ಬ್ರೇಕ್ ಆಯಿಲ್, ಒಂದು ಫ್ಯಾನ್ ಬೆಲ್ಟು ತಂದರೆ ಇನ್ನೂ ಚೆನ್ನಾಗಿ ಸಿಗುತ್ತದೆ.