ಟವೆಲ್ ಸಿದ್ಧಾಂತ: ಒಂದು ಶಾಸ್ತ್ರೀಯ ವಿವೇಚನೆ

ಸರ್ಕಾರಿ ನೌಕರನಿಗೆ ಸ್ಥೂಲ, ಸೂಕ್ಷ್ಮ ಎಂದು ಎರಡು ಶರೀರಗಳುಂಟು. ಸ್ಥೂಲ ಶರೀರವು ಮಂತ್ರಿಗಳ ಆಪ್ತ ಕಾರ್ಯದರ್ಶಿಯಾಗಿ ವಿಕಾಸಸೌಧದಲ್ಲಿ ಓಡಾಡುತ್ತಿದ್ದರೆ, ಸೂಕ್ಷ್ಮ ಶರೀರವು ಮಾತೃ ಇಲಾಖೆಯಲ್ಲಿ ಅಲುಗದೆ ಕೂತಿರುತ್ತದೆ. ಸೇವಾ ನಿಯಮಗಳು ಇದನ್ನು ‘ಲೀನ್’ ಎನ್ನುತ್ತವೆ. ಶಾಸ್ತ್ರ ಓದದವರಿಗಾಗಿ ಹೇಳುವುದಾದರೆ, ಕೆಂಪು ಬಸ್ಸಿನ ಕಿಟಕಿಯಿಂದ ಸೀಟಿಗೆಸೆದ ಟವೆಲ್.

ಇದಕ್ಕೆ ಪ್ರಮಾಣ 1922ರ ಮೂಲ ನಿಯಮಗಳು. ಬೇರೆ ಕಾಯಂ ಹುದ್ದೆಯ ಆಸರೆಯಿಲ್ಲದವನ ಲೀನನ್ನು, ಅವನೇ ಒಪ್ಪಿದರೂ ಕಿತ್ತುಕೊಳ್ಳುವಂತಿಲ್ಲ ಎಂದು ಅವು ವಿಧಿಸಿದವು. ಆತ್ಮ ಅವಿನಾಶಿಯೇ ಎಂಬ ಬಗ್ಗೆ ದಾರ್ಶನಿಕರಲ್ಲಿ ಜಗಳವಿದೆ. ಲೀನಿನ ಬಗ್ಗೆ ಇಲ್ಲ.

ಪೂರ್ವಪಕ್ಷ: ಮಂತ್ರಿ ಹೋದರೆ ಆಪ್ತನೂ ಹೋಗಲಿ. ಇದು ಕರ್ನಾಟಕದ ಹವಾಮಾನ ತಿಳಿಯದವರ ಮಾತು. 2018ರ ಮೇ 17ರಂದು ಬಂದ ಸರ್ಕಾರ 19ಕ್ಕೆ ರಾಜೀನಾಮೆ ಕೊಟ್ಟಿತು. 2019ರ ಜುಲೈ 26ರಿಂದ ಆಗಸ್ಟ್ 20ರವರೆಗೆ ಮುಖ್ಯಮಂತ್ರಿಯೊಬ್ಬರೇ ಇಡೀ ಸಂಪುಟ. ಇಂಥಲ್ಲಿ ಟವೆಲ್ ಹಾಕದೆ ಯಾರು ತಾನೇ ಸೀಟು ಬಿಟ್ಟೆದ್ದಾರು?

ಮರಳಿ ಬಂದವನು ಸ್ಥಳನಿಯುಕ್ತಿಗೆ ಕಾಯಬೇಕಾದೀತು. ಆ ಕಡ್ಡಾಯ ಕಾಯುವಿಕೆಯನ್ನೂ ಕರ್ತವ್ಯವೆಂದು ಎಣಿಸಲು ನಿಯಮದಲ್ಲಿ ದಾರಿಯಿದೆ. ತಪಸ್ಸಿಗೆ ಸಂಬಳ ಕೊಡುವ ಪರಂಪರೆ ನಮಗೆ ತಿಳಿದಂತೆ ಇದೊಂದೇ.

ತಾಲ್ಲೂಕಿನ ಪಶುವೈದ್ಯರೊಬ್ಬರು ಹೀಗೆ ನಿಯೋಜನೆ ಮೇಲೆ ಹೋದರೆನ್ನಿ. ಈಗವರು ವರ್ಗಾವಣೆ ಕಡತಗಳ ನಾಡಿ ಹಿಡಿಯುತ್ತಾರೆ. ಊರಿನ ಆಸ್ಪತ್ರೆ ಪಕ್ಕದೂರಿನ ವೈದ್ಯರ ಪ್ರಭಾರಕ್ಕೆ ಬೀಳುತ್ತದೆ. ಪಾಪ, ಅವರು ಎರಡು ಆಸ್ಪತ್ರೆಗಳ ನಡುವೆ ಬೈಕಿನಲ್ಲೇ ಸವೆಯುತ್ತಾರೆ. ಲೀನಿಗೆ ಇಷ್ಟೆಲ್ಲ ವಿಧಿ ಬರೆದವರು ನಿಂತೇ ಪ್ರಯಾಣ ಮಾಡುವವರಿಗೆ ಒಂದು ಸೀಟನ್ನೂ ಕೊಡಲಿಲ್ಲ. ಕರು ಹಾಕಲು ಒದ್ದಾಡುವ ಎಮ್ಮೆಗಂತೂ ವೈದ್ಯರ ಸೂಕ್ಷ್ಮ ಶರೀರ ಕಾಣುವುದೇ ಇಲ್ಲ. (ಇದು ಎಮ್ಮೆಯ ಅಜ್ಞಾನವೆಂದೇ ನಮ್ಮ ನಿರ್ಣಯ.)

ಉಳಿದದ್ದೊಂದು ಶಂಕೆ. ಆಪ್ತನಿಗಿರುವ ಟವೆಲ್ ಮಂತ್ರಿಗೇಕಿಲ್ಲ? ನೌಕರ ಚುನಾವಣೆಗೆ ನಿಲ್ಲಬೇಕಾದರೆ ರಾಜೀನಾಮೆ ಕೊಟ್ಟೇ ನಿಲ್ಲಬೇಕು. ಗೆದ್ದು, ಮಂತ್ರಿಯಾಗಿ, ಮುಂದೆ ಸೋತರೆ ಮರಳಲು ಯಾವ ಮಾತೃ ಇಲಾಖೆಯೂ ಇಲ್ಲ. ಈ ಘೋರ ಅನ್ಯಾಯವನ್ನು ಮನಗಂಡೇ ಪೂರ್ವಸೂರಿಗಳು ನಿಗಮ ಮಂಡಳಿಗಳನ್ನು ಸೃಷ್ಟಿಸಿರಬೇಕು. ಅಲ್ಲಿನ ಅಧ್ಯಕ್ಷರಿಗೂ ಒಬ್ಬ ಆಪ್ತ ಸಹಾಯಕ ಬೇಕೇ ಬೇಕು. ಪಶುವೈದ್ಯರು ಅರ್ಜಿ ಹಾಕಿದ್ದಾರೆ.